ಔಷಧ ಕಾರ್ಡುಗಳು: 11ನೇ ವಾರ

ಈ ವಾರ ಡಬ್ಬಿಗೆ ಸೇರಿದ್ದು ಎರಡೇ ಹೊಸ ಕಾರ್ಡು. ಭಾನುವಾರವನ್ನೆಲ್ಲ ಗೌಟ್‌ಗೆ (ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ಊದುವ ಕಾಯಿಲೆ) ಕೊಡುವ ಫೆಬುಕ್ಸೊಸ್ಟಾಟ್ ಮಾತ್ರೆಯ ಹಳೆಯ ಕಾರ್ಡು ಒಂದೇ ನುಂಗಿ ಹಾಕಿತು.

ಕ್ಲಿನಿಕ್ಕಿನ ಮೇಜಿನ ಮೇಲೆ ಹಳೆಯ ಶೂ ಡಬ್ಬಿ, ಅದರಲ್ಲಿ ಔಷಧಕ್ಕೊಂದು ಕಾರ್ಡು, ಎಚ್ಚರಿಕೆಗಳೆಲ್ಲ ಕೆಂಪು ಶಾಯಿಯಲ್ಲಿ: ಇದಿಷ್ಟೇ ನನ್ನ ಹವ್ಯಾಸ. ಕೆಂಪು ಶಾಯಿಯೇ ತಪ್ಪಾಯಿತೆಂದು ಈಗ ಅನ್ನಿಸುತ್ತಿದೆ.

ಫೆಬುಕ್ಸೊಸ್ಟಾಟ್ ಕಾರ್ಡಿನಲ್ಲಿ "ಹೃದ್ರೋಗಿಗೆ ಬೇಡ" ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. 2018ರ ಕೇರ್ಸ್ ಅಧ್ಯಯನ ಓದಿದ ಬಿಸಿಯಲ್ಲಿ ಬರೆದದ್ದು. ಗೌಟ್ ಜೊತೆಗೆ ಹೃದಯ, ರಕ್ತನಾಳದ ಕಾಯಿಲೆಯೂ ಇದ್ದ 6,190 ಮಂದಿಯಲ್ಲಿ, ಹೃದಯ ಸಂಬಂಧಿ ಸಾವು ಫೆಬುಕ್ಸೊಸ್ಟಾಟ್ ಪಡೆದವರಲ್ಲಿ ಶೇ 4.3, ಗೌಟ್‌ನ ಇನ್ನೊಂದು ಮಾತ್ರೆ ಅಲೋಪ್ಯೂರಿನಾಲ್ ಪಡೆದವರಲ್ಲಿ ಶೇ 3.2. ಮರುವರ್ಷವೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ತನ್ನ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು. 2020ರಲ್ಲಿ ಬ್ರಿಟನ್, ಡೆನ್ಮಾರ್ಕ್, ಸ್ವೀಡನ್‌ಗಳ ಫಾಸ್ಟ್ ಅಧ್ಯಯನ ಬಂತು. 6,128 ಮಂದಿ, ಒಟ್ಟು ಸಾವು ಫೆಬುಕ್ಸೊಸ್ಟಾಟ್‌ನಲ್ಲಿ ಶೇ 7.2, ಅಲೋಪ್ಯೂರಿನಾಲ್‌ನಲ್ಲಿ ಶೇ 8.6. ಲೆಕ್ಕ ತಿರುವುಮುರುವು!

ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕುಳಿತೆ. ಕೇರ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಾತ್ರೆಯನ್ನು ನಡುವೆಯೇ ಬಿಟ್ಟಿದ್ದರು. ಇತ್ತ ಫಾಸ್ಟ್‌ನಲ್ಲಿ ಹೃದ್ರೋಗ ಇದ್ದವರು ಮೂರರಲ್ಲೊಂದು ಪಾಲು ಮಾತ್ರ. ಹಾಗಾಗಿ ಯಾವುದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಹಳೆಯ ಸಾಲಿಗೆ ಗೀಟು ಹೊಡೆದು, ಪೆನ್ಸಿಲ್ಲಿನಲ್ಲಿ ಬರೆದೆ: "ಹೃದ್ರೋಗಿಗೆ ಮೊದಲು ಅಲೋಪ್ಯೂರಿನಾಲ್. ಒಗ್ಗದಿದ್ದರೆ, ವಿವರ ತಿಳಿಸಿ ಕೊಡುವುದು."

ಹೊಸ ಕಾರ್ಡುಗಳಲ್ಲಿ ಒಂದು ಸಕ್ಕರೆ ಕಾಯಿಲೆಯ ಮಾತ್ರೆ ಡಪಾಗ್ಲಿಫ್ಲೋಜಿನ್. ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕು. ಈ ಮಾತ್ರೆಯಲ್ಲಿರುವವರು ವಾಂತಿ, ಏದುಸಿರು ಎಂದು ಬಂದರೆ ಗ್ಲುಕೋಮೀಟರಿನಲ್ಲಿ 180 ತೋರಿಸಿತೆಂದು ನೆಮ್ಮದಿಪಡುವಂತಿಲ್ಲ. ಸಕ್ಕರೆ ಹೆಚ್ಚು ಏರದೆಯೂ ಕೀಟೋಅಸಿಡೋಸಿಸ್ (ಕೀಟೋನ್‌ಗಳು ಸೇರಿ ರಕ್ತ ಆಮ್ಲೀಯವಾಗುವ ಅಪಾಯ) ಆಗುತ್ತದೆ. ಕೀಟೋನ್ ನೋಡಲೇಬೇಕು.

ಇನ್ನೊಂದು ನೋವಿನ ಮಾತ್ರೆ ಮೆಫೆನಮಿಕ್ ಆಸಿಡ್. 2023ರ ನವೆಂಬರಿನಲ್ಲಿ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಇದರ ಬಗ್ಗೆ ಎಚ್ಚರಿಸಿತ್ತು: ಅಪರೂಪಕ್ಕೆ ಡ್ರೆಸ್ ಸಿಂಡ್ರೋಮ್, ಅಂದರೆ ಜ್ವರ, ಮೈತುಂಬ ದದ್ದು, ರಕ್ತದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಏರಿಕೆ, ಜೊತೆಗೆ ಯಕೃತ್ತಿಗೋ ಮೂತ್ರಪಿಂಡಕ್ಕೋ ಪೆಟ್ಟು. ಮಾತ್ರೆ ಶುರುವಾಗಿ ಕೆಲವು ವಾರಗಳ ನಂತರ ಕಾಣಿಸಿಕೊಳ್ಳುವುದರಿಂದ ಯಾರಿಗೂ ಅದರ ನೆನಪೇ ಇರುವುದಿಲ್ಲ. "ಔಷಧ ಏನಾದರೂ ತೆಗೆದುಕೊಂಡಿದ್ದೀರಾ?" ಎಂದರೆ "ಇಲ್ಲ ಡಾಕ್ಟ್ರೇ" ಎನ್ನುತ್ತಾರೆ, ಮುಟ್ಟಿನ ನೋವಿಗೆ ಅಂಗಡಿಯಿಂದ ತಂದದ್ದು ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ಕಾರ್ಡಿನ ಹಿಂಬದಿಗೆ ಪ್ರಶ್ನೆಯನ್ನೇ ಬದಲಿಸಿ ಬರೆದುಕೊಂಡೆ: "ಹೊಟ್ಟೆನೋವಿಗೆ ಏನು ನುಂಗುತ್ತೀರಿ?"

ಮುಂದಿನ ವಾರ ಆಸ್ಪಿರಿನ್. ಅದು ಒಂದು ಕಾರ್ಡಿನಲ್ಲಿ ಹಿಡಿಸುವುದು ಅನುಮಾನ.