ಜರ್ಮನ್ ಸಲೀಸಾಗಬೇಕೇ? ಸುಲಭದ ಪುಸ್ತಕ ಹಿಡಿಯಿರಿ

ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಡಬೇಕೆಂದಿರುವ ನಮ್ಮ ಕಡೆಯ ಮಕ್ಕಳು ಆನ್‌ಲೈನ್ ಕ್ಲಾಸಿನಲ್ಲಿ ಭಾಷಾಮಟ್ಟದ ಮೊದಲೆರಡು ಮೆಟ್ಟಿಲುಗಳಾದ ಎ1, ಎ2 ದಾಟಿಬಿಡುತ್ತಾರೆ. ಬಿ1ರ ಹೊತ್ತಿಗೆ ಗಾಡಿ ನಿಲ್ಲುತ್ತದೆ. ವ್ಯಾಕರಣ ಗೊತ್ತು, ಪದಪಟ್ಟಿ ಬಾಯಿಪಾಠ. ಆದರೂ ಎದುರಿನವರ ವಾಕ್ಯ ಮುಗಿಯುವಷ್ಟರಲ್ಲಿ ಅದರ ಮೊದಲರ್ಧ ಮರೆತುಹೋಗಿರುತ್ತದೆ. ಶಿರಸಿಯಲ್ಲೋ ಅಂಕೋಲೆಯಲ್ಲೋ ಇದ್ದುಕೊಂಡು ಕಲಿಯುವವರಿಗೆ ಜರ್ಮನ್ ಮಾತಾಡುವ ನೆರೆಮನೆ ಇರುವುದಿಲ್ಲ. ದಿನಕ್ಕೆ ಎರಡು ಮೂರು ಸಾವಿರ ಜರ್ಮನ್ ಪದ ಕಣ್ಣಿಗೆ ಬೀಳಬೇಕೆಂದರೆ ಪುಸ್ತಕವೇ ಗತಿ. ಯಾವ ಪುಸ್ತಕ ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ.

ಪುಸ್ತಕ ಕೊಳ್ಳುವ ಮೊದಲು, ಅಥವಾ ಡೌನ್‌ಲೋಡ್ ಮಾಡಿಕೊಂಡ ಕೂಡಲೇ, ನಡುವಿನ ಒಂದು ಪುಟ ತೆರೆಯಿರಿ. 250 ಪದ ಎಣಿಸಿ, ಗೊತ್ತಿಲ್ಲದ್ದಕ್ಕೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ. ಐದರೊಳಗೆ ಇದ್ದರೆ ಅದು ನಿಮ್ಮ ಪುಸ್ತಕ. ಹನ್ನೆರಡು ಹದಿಮೂರು ಇದ್ದರೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಕಷ್ಟಪಟ್ಟು ಓದಬಹುದು. ಇಪ್ಪತ್ತೈದು ಇದ್ದರೆ ಕಪಾಟಿನಲ್ಲಿಟ್ಟು ಮುಂದಿನ ವರ್ಷ ತೆಗೆಯಿರಿ. ಇದು ಬರೀ ಅಂದಾಜಲ್ಲ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಮತ್ತವರ ಸಂಗಡಿಗರ ಅಧ್ಯಯನಗಳ ಪ್ರಕಾರ ಯಾರ ನೆರವೂ ಇಲ್ಲದೆ ಓದಿ ಅರ್ಥಮಾಡಿಕೊಳ್ಳಲು ಪುಟದ ಸುಮಾರು ಶೇ. 98ರಷ್ಟು ಪದ ಗೊತ್ತಿರಬೇಕು. ಇಂಗ್ಲಿಷ್ ಕಾದಂಬರಿಯಲ್ಲಿ ಆ ಮಟ್ಟ ಮುಟ್ಟಲು ಎಂಟೊಂಬತ್ತು ಸಾವಿರ ಪದಕುಟುಂಬ (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಬೇಕೆಂದು ಅವರು 2006ರಲ್ಲಿ ಲೆಕ್ಕ ಕೊಟ್ಟರು. ಶೇ. 90 ಗೊತ್ತಿದ್ದರೆ ಸಾಕಲ್ಲ ಎನಿಸುತ್ತದೆ, ಆದರೆ ಆಗ ಪ್ರತಿ ಸಾಲಿನಲ್ಲೂ ಒಂದು ತಿಳಿಯದ ಪದ ಎದುರಾಗುತ್ತದೆ. ಸುತ್ತಲಿನ ಪದಗಳಿಂದ ಅರ್ಥ ಊಹಿಸೋಣವೆಂದರೆ ಆ ಸುತ್ತಲೂ ಮಸುಕು.

ಎ2, ಬಿ1 ಎಂದು ಮಟ್ಟ ನಮೂದಿಸಿದ ಕಲಿಕೆಯ ಕಥೆಪುಸ್ತಕಗಳನ್ನು ಹ್ಯೂಬರ್, ಕ್ಲೆಟ್, ಕೊರ್ನೆಲ್ಸನ್ ಪ್ರಕಾಶನಗಳು ತರುತ್ತವೆ. ಇವನ್ನು ಮಕ್ಕಳಾಟವೆಂದು ಕಡೆಗಣಿಸಬೇಡಿ. ಪದಗಳನ್ನು ಮಿತಿಗೊಳಿಸಿ, ಹೊಸ ಪದ ಬಂದಾಗ ಅದನ್ನು ಮತ್ತೆ ಮತ್ತೆ ಬಳಸಿ ಬರೆಯುವ ಈ ಪದ್ಧತಿಯನ್ನು ಬೆಳೆಸಿದವರಲ್ಲಿ ಮುಖ್ಯರಾದ ಮೈಕೆಲ್ ವೆಸ್ಟ್ 1920ರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವರು. ಇಂಗ್ಲಿಷ್ ಕಲಿಯುವ ಬಂಗಾಳಿ ಹುಡುಗರಿಗಾಗಿ ಅವರು ಮಾಡಿದ ಕೆಲಸ ಅದು. ಅಂದರೆ ಈ ಪುಸ್ತಕಗಳ ಹಿಂದೆ ನಮ್ಮಂಥ ಓದುಗರ ಕಷ್ಟವೇ ಇದೆ.

ಕೈಬಿಡಬೇಕಾದ್ದು ಗ್ರಿಮ್ ಸೋದರರ ಕಥೆಗಳು. ಉಚಿತವಾಗಿ ಸಿಗುತ್ತವೆ, ಮಕ್ಕಳ ಕಥೆ ಬೇರೆ ಎಂದು ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ. 1812ರಲ್ಲಿ ಮೊದಲು ಅಚ್ಚಾದ ಆ ಭಾಷೆಯಲ್ಲಿ ಈಗ ಬಳಕೆಯಿಲ್ಲದ ಪದಗಳು ತುಂಬಿವೆ. ಬದಲಿಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ನಿಧಾನಗತಿಯ ಸುದ್ದಿ ಇದೆ, ಪಠ್ಯ ಮತ್ತು ಧ್ವನಿ ಎರಡೂ ಪುಕ್ಕಟೆ. ನರ್ಸಿಂಗಿನವರು ‘ಅಪೋಟೇಕನ್ ಉಮ್‌ಷಾವ್’ ಆರೋಗ್ಯ ಪತ್ರಿಕೆಯ ಜಾಲತಾಣದಲ್ಲಿ ಸರಳ ಭಾಷೆಯ ವಿಭಾಗ ನೋಡಲೇಬೇಕು. ಕಾಯಿಲೆ, ಔಷಧಿ, ಆರೈಕೆಯ ಪದಗಳು ಅಲ್ಲಿ ಚಿಕ್ಕ ವಾಕ್ಯಗಳಲ್ಲಿ ಸಿಗುತ್ತವೆ.

ಕನ್ನಡದವರಿಗೆ ಒಂದು ಅನುಕೂಲ ಇದೆ, ಅದನ್ನು ಇಂಗ್ಲಿಷಿನ ಮೂಲಕ ಜರ್ಮನ್ ಕಲಿತು ಕಳೆದುಕೊಳ್ಳುತ್ತೇವೆ. ‘...ದಸ್ ಎರ್ ಗೆಸ್ಟರ್ನ್ ನಾಖ್ ಬೆರ್ಲೀನ್ ಗೆಫಾರನ್ ಇಸ್ಟ್’: ‘ಅವನು ನಿನ್ನೆ ಬರ್ಲಿನ್ನಿಗೆ ಹೋಗಿದ್ದಾನೆ ಎಂದು’. ‘ಎಂದು’ ಮಾತ್ರ ಮೊದಲಿಗೆ ಹೋಗಿದೆ, ಉಳಿದ ಪದಗಳ ಸಾಲು ನಮ್ಮದೇ. ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವವರೆಗೆ ಕಾಯುವುದು ಇಂಗ್ಲಿಷಿನವರಿಗೆ ಪ್ರಯಾಸ, ನಾವು ಹುಟ್ಟಿದಾರಭ್ಯ ಕಾದವರು. ಆದ್ದರಿಂದ ಓದುವಾಗ ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಬೇಡಿ. ನೇರ ಅರ್ಥವಾಗದಿದ್ದರೆ ಕನ್ನಡಕ್ಕೆ ಬನ್ನಿ.

ನಿಘಂಟಿನ ವಿಷಯ. ಅಧ್ಯಾಯವನ್ನು ಮೊದಲ ಸಲ ನಿಲ್ಲಿಸದೆ ಓದಿ. ಎರಡನೇ ಸಲ, ಮತ್ತೆ ಮತ್ತೆ ಬಂದ ಪದಗಳನ್ನು, ಕಥೆಗೇ ಅಡ್ಡ ನಿಂತ ಪದಗಳನ್ನು ಮಾತ್ರ ಹುಡುಕಿ. ಜರ್ಮನ್ನಿನಲ್ಲಿ ಎಲ್ಲ ನಾಮಪದಗಳೂ ದೊಡ್ಡಕ್ಷರದಿಂದ ಶುರುವಾಗುವುದರಿಂದ ತಿಳಿಯದ ಪದ ನಾಮಪದವೋ ಅಲ್ಲವೋ ಎಂದು ನೋಡಿದೊಡನೆ ಗೊತ್ತಾಗುತ್ತದೆ. ಯಾವುದೋ ಮರದ ಹೆಸರಾದರೆ ಬಿಟ್ಟುಬಿಡಿ. ಕ್ರಿಯಾಪದವನ್ನು ಬಿಡಬೇಡಿ. ಆದರೆ ಹುಡುಕುವ ಮೊದಲು ವಾಕ್ಯದ ಕೊನೆ ನೋಡಿ, ಯಾಕೆಂದರೆ ಅತಿ ಹೆಚ್ಚು ಮೋಸಹೋಗುವುದು ಇಲ್ಲಿ. ‘ಎರ್ ಹ್ಯೋರ್ಟ್ ಮಿಟ್ ದೇಮ್ ರೌಖನ್ ಔಫ್’ ಎಂಬಲ್ಲಿ ‘ಹ್ಯೋರನ್’ ಹುಡುಕಿದರೆ ‘ಕೇಳು’ ಎಂದು ಸಿಗುತ್ತದೆ. ಕೊನೆಯ ‘ಔಫ್’ ಸೇರಿಸಿ ‘ಔಫ್‌ಹ್ಯೋರನ್’ ಹುಡುಕಿದರೆ ‘ನಿಲ್ಲಿಸು’. ಅವನು ಸಿಗರೇಟು ಸೇದುವುದನ್ನು ಬಿಡುತ್ತಿದ್ದಾನೆ, ಏನನ್ನೂ ಕೇಳುತ್ತಿಲ್ಲ. ಉದ್ದುದ್ದ ಸಮಾಸಪದಗಳನ್ನು ಬಲಗಡೆಯಿಂದ ಬಿಡಿಸಿ. ಕೊನೆಯ ಪದವೇ ಮುಖ್ಯ ವಸ್ತು, ಲಿಂಗವೂ ಅದರದ್ದೇ.

ಸಾಲಿನ ಮೇಲೆ ಅರ್ಥ ಬರೆಯಬಾರದು. ಮತ್ತೆ ಓದುವಾಗ ಕಣ್ಣು ಅದನ್ನೇ ನೋಡುತ್ತದೆ, ಜರ್ಮನ್ ಪದವನ್ನು ಓದುವುದೇ ಇಲ್ಲ. ಪಟ್ಟಿಯಲ್ಲಿ ಇಡೀ ವಾಕ್ಯ ಬರೆದುಕೊಳ್ಳಿ, ನಾಮಪದವನ್ನು ಅದರ ಲಿಂಗ ತೋರಿಸುವ ದೆರ್, ದೀ, ದಸ್ ಸಮೇತ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುವ ಘಟ್ಟದ ಮೇಲಿನವರು ಆಫ್‌ಲೈನ್ ನಿಘಂಟನ್ನು ಜೂನ್‌ಗೆ ಮೊದಲೇ ಇಳಿಸಿಕೊಳ್ಳುವುದು ಒಳ್ಳೆಯದು.

ಉಚ್ಚಾರ ಕನ್ನಡ ಲಿಪಿಯಲ್ಲಿ ಕಲಿಯುವಂಥದ್ದಲ್ಲ. ಮೇಲೆ ನಾನು ಬರೆದದ್ದೂ ಅಂದಾಜಿಗೆ ಮಾತ್ರ, ಚುಕ್ಕಿಯಿರುವ ಓ, ಊಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ. ಮೌನವಾಗಿ ಓದುತ್ತ ಹೋದರೆ ಇಂಗ್ಲಿಷಿನ ಉಚ್ಚಾರವೇ ಗಟ್ಟಿಯಾಗಿ, ‘ಫಾಟರ್’ (Vater, ತಂದೆ) ಎನ್ನಬೇಕಾದ್ದು ‘ವೇಟರ್’ ಆಗುತ್ತದೆ. ಧ್ವನಿಮುದ್ರಣವಿರುವ ಪುಸ್ತಕವನ್ನೇ ಆರಿಸಿ, ಓದಿದ ಅಧ್ಯಾಯವನ್ನೇ ಕೇಳಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಕೂತು ಓದಲಾಗದು, ಕೇಳಲು ಯಾವ ಅಡ್ಡಿಯೂ ಇಲ್ಲ.

ವೇಗಕ್ಕೆ ಒಂದು ಅಳತೆ: ನಿಮಿಷಕ್ಕೆ 100 ಪದ ಓದುವವರು ಅರ್ಧ ಗಂಟೆಯಲ್ಲಿ 3,000 ಪದ ಮುಗಿಸುತ್ತಾರೆ. ನಿಮ್ಮದು 50ಕ್ಕಿಂತ ಕೆಳಗಿದ್ದರೆ ಪುಸ್ತಕ ಬದಲಿಸಿ, ಹಟ ಹಿಡಿಯಬೇಡಿ. ಒಂದು ವಿಷಯದ ಮೇಲೆಯೇ ಎರಡು ಮೂರು ಪುಸ್ತಕ ಓದಿದರೆ ಪದಗಳು ಮರುಕಳಿಸುತ್ತವೆ.

ಓದಿದರೆ ಅರ್ಥವಾಗುತ್ತದೆ, ಆದರೆ ಮಾತು ಬರುವುದಿಲ್ಲ ಎಂಬ ದೂರು ಕನ್ನಡ ಮಾಧ್ಯಮದವರಿಗೆ ಇಂಗ್ಲಿಷಿನಲ್ಲೇ ಚೆನ್ನಾಗಿ ಗೊತ್ತು. ಜರ್ಮನ್ನಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಕಥೆಗಳ ಭೂತಕಾಲ ಬೇರೆ, ಮಾತಿನದು ಬೇರೆ. ಪುಸ್ತಕದಲ್ಲಿ ‘ಎರ್ ಗಿಂಗ್’ (ಅವನು ಹೋದ) ಇದ್ದದ್ದು ಬಾಯಲ್ಲಿ ಸಾಮಾನ್ಯವಾಗಿ ‘ಎರ್ ಇಸ್ಟ್ ಗೆಗಾಂಗನ್’ ಆಗುತ್ತದೆ. ಅದಕ್ಕೆ ಅಧ್ಯಾಯ ಮುಗಿದೊಡನೆ ಪುಸ್ತಕ ಮುಚ್ಚಿ, ಎರಡು ನಿಮಿಷ ಕಥೆಯನ್ನು ಗಟ್ಟಿಯಾಗಿ ಹೇಳಿ, ಪ್ರತಿ ‘ಗಿಂಗ್’ ಅನ್ನೂ ‘ಇಸ್ಟ್ ಗೆಗಾಂಗನ್’ ಮಾಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ತಡವರಿಸಿದ ಜಾಗದ ವಾಕ್ಯವನ್ನು ಪುಸ್ತಕದಲ್ಲಿ ಹುಡುಕಿ, ಮೂರು ಸಲ ಗಟ್ಟಿಯಾಗಿ ಓದಿ, ಮರುದಿನ ಅದೇ ಅಧ್ಯಾಯವನ್ನು ಒಂದೂವರೆ ನಿಮಿಷದಲ್ಲಿ ಹೇಳಿ ನೋಡಿ.