ಹಳೆಯ ಗೇಟಿನ ಕಂಬ, ಎಣ್ಣೆ ಡಬ್ಬಿ ಮತ್ತು ಬೂದಿ

24 ನವೆಂಬರ್ 2024, ಭಾನುವಾರ
ಸಾಗರ ತಾಲ್ಲೂಕು

ಇಂದು ಬೆಳಿಗ್ಗೆ ನಾನು ಮಾಡಿದ ರಾಕೆಟ್ ಒಲೆಯ ಮೇಲೆ ಐದು ಲೀಟರ್ ನೀರು 310 ಗ್ರಾಂ ಕಟ್ಟಿಗೆಯಲ್ಲಿ ಕುದಿಯಿತು. ಹೋದ ಭಾನುವಾರ ಇದೇ ಪಾತ್ರೆಯಲ್ಲಿ ಇಷ್ಟೇ ನೀರನ್ನು, ಇದೇ ರಾಶಿಯ ಒಣ ಅಕೇಶಿಯಾ ಸೀಳುಗಳಿಂದ, ಕೊಟ್ಟಿಗೆಯ ಹಿಂದಿನ ಮೂರು ಕಲ್ಲಿನ ಒಲೆಯ ಮೇಲೆ ಕುದಿಸಲು 880 ಗ್ರಾಂ ಬೇಕಾಗಿತ್ತು. ನಡುವಿನ ಏಳು ದಿನಗಳಲ್ಲಿ ನಡೆದದ್ದನ್ನು, ಅಳತೆಗಳು ಇನ್ನೂ ನೆನಪಿನಲ್ಲಿರುವಾಗಲೇ, ಬರೆದಿಡುತ್ತಿದ್ದೇನೆ.

ನಮ್ಮ ಮನೆಯಲ್ಲಿ ಅಡುಗೆಗೆ ಗ್ಯಾಸ್ ಬಂದು ಬಹಳ ವರ್ಷಗಳಾದವು. ಆದರೂ ಕಟ್ಟಿಗೆ ಉರಿಸುವುದು ನಿಂತಿಲ್ಲ. ಬಚ್ಚಲ ಹಂಡೆಗೆ, ಈ ತಿಂಗಳಿನಿಂದ ಶುರುವಾಗುವ ಅಡಕೆ ಬೇಯಿಸುವ ಕೆಲಸಕ್ಕೆ, ದಿನಕ್ಕೆರಡು ಬಾರಿ ದನಗಳ ಅಕ್ಕಚ್ಚು ಬಿಸಿ ಮಾಡುವುದಕ್ಕೆ ಬೆಂಕಿಯೇ ಆಗಬೇಕು. ಅಕ್ಕಚ್ಚಿನ ಒಲೆಯ ಮುಂದೆ ಕೂರುವವಳು ಅಮ್ಮ. ಮಳೆಗಾಲದ ತೇವ ಪೂರ್ತಿ ಆರದ ಸೌದೆಯನ್ನು ಊದುಗೊಳವೆಯಿಂದ ಊದಿ ಊದಿ ಹೊತ್ತಿಸುವಾಗ ಅವಳಿಗೆ ಬರುವ ಕೆಮ್ಮು ಈ ವರ್ಷ ಒಲೆಯಿಂದ ಎದ್ದುಬಂದ ಮೇಲೂ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ರಾಕೆಟ್ ಒಲೆಯ ಬಗ್ಗೆ ಓದಿ ಬಿಟ್ಟಿದ್ದ ನಾನು ಅದನ್ನು ಕೈಯಾರೆ ಮಾಡಲು ಹೊರಟದ್ದು ಆ ಕೆಮ್ಮನ್ನು ಕೇಳಲಾರದೆ.

ಹೆಸರು ಕೇಳಿದರೆ ದೊಡ್ಡ ಯಂತ್ರವೆನಿಸುತ್ತದೆ, ಆದರೆ ವಸ್ತು ಬಹಳ ಸರಳ. 1980ರ ದಶಕದ ಆರಂಭದಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಅಪ್ರೊವೆಚೊ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ವಿನಿಯಾರ್ಸ್ಕಿ ಎಂಬವರು ರೂಪಿಸಿದ ಈ ಒಲೆಯಲ್ಲಿ ಮೊಣಕೈಯಂತೆ ಬಾಗಿದ ಒಂದು ಕೊಳವೆ ಇರುತ್ತದೆ. ಅಡ್ಡ ಭಾಗದಲ್ಲಿ ಕಟ್ಟಿಗೆ, ನೆಟ್ಟಗಿನ ಭಾಗದಲ್ಲಿ ಉರಿ. ಬಿಸಿ ಗಾಳಿ ಹಗುರವಾಗಿ ಮೇಲೇರುವಾಗ ಕೆಳಗಿನ ಬಾಯಿಯಿಂದ ಹೊಸ ಗಾಳಿಯನ್ನು ತಾನೇ ಎಳೆದುಕೊಳ್ಳುವುದರಿಂದ ಊದುವ ಅಗತ್ಯ ಬೀಳುವುದಿಲ್ಲ. ಹೊಗೆಯೆಂದರೆ ಬಹುಪಾಲು ಉರಿಯದೆ ಉಳಿದ ಕಟ್ಟಿಗೆಯೇ ಆಗಿದೆ. ಕಾದ ಮರದಿಂದ ಹೊರಡುವ ಅನಿಲಗಳು ಸಾಕಷ್ಟು ಬಿಸಿಯೂ ಗಾಳಿಯೂ ಇರುವ ಜಾಗದಲ್ಲಿ ತುಸು ಹೊತ್ತು ಉಳಿದರೆ ಪೂರ್ತಿ ಉರಿದುಹೋಗುತ್ತವೆ. ಅದಕ್ಕೆ ಮೊದಲೇ ತಣ್ಣನೆಯ ಪಾತ್ರೆಯ ತಳಕ್ಕೆ ತಗುಲಿದರೆ ಮಸಿಯಾಗಿ, ಟಾರಾಗಿ, ಕಣ್ಣುರಿಯಾಗಿ ಉಳಿಯುತ್ತವೆ. ಮೂರು ಕಲ್ಲಿನ ಒಲೆಯಲ್ಲಿ ಆಗುವುದು ಎರಡನೆಯದು.

ಸೋಮವಾರ ಸಾಗರದ ಗುಜರಿ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಹುಡುಕಿದೆ. ಯಾರದೋ ಮನೆಯ ಹಳೆಯ ಗೇಟಿನ ಚೌಕ ಕಂಬವೊಂದು ಸಿಕ್ಕಿತು. ಹೊರ ಅಳತೆ 10 ಸೆಂಟಿಮೀಟರ್, ದಪ್ಪ 3 ಮಿಲಿಮೀಟರ್. ಅಂದರೆ ಒಳಗಿನ ಅಗಲ 9.4 ಸೆಂಟಿಮೀಟರ್. ತುಕ್ಕು ಮೇಲ್ಮೈಗಷ್ಟೇ ಹಿಡಿದಿತ್ತು. ಬೇಕಾದ ತುಂಡಿಗೆ ಕಿಲೋಗೆ 50 ರೂಪಾಯಿಯಂತೆ ಕೊಟ್ಟೆ. ಹೊರಕವಚಕ್ಕೆ ಹದಿನೈದು ಕಿಲೋ ಅಡುಗೆ ಎಣ್ಣೆಯ ಚೌಕ ಡಬ್ಬಿ ಮನೆಯಲ್ಲೇ ಇತ್ತು. ಚಾವಣಿಗೆ ಹೊದಿಸಿ ಉಳಿದ ಸತುವಿನ ಲೇಪದ ತಗಡನ್ನೂ ಬಳಸೋಣವೆಂದು ಒಯ್ದಿದ್ದೆ. ವೆಲ್ಡಿಂಗ್ ಮಾಡುವ ಗೆಳೆಯ ಅದನ್ನು ನೋಡಿದ ಕೂಡಲೇ ಪಕ್ಕಕ್ಕೆ ಇಡಿಸಿದ. ಸತು 420 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಇನ್ನೂ ಕಾದರೆ ಅದರ ಹೊಗೆ ಉಸಿರಿಗೆ ಸೇರಿ ಚಳಿಜ್ವರ ತರುತ್ತದೆ ಎಂದು ಅವನು ತನ್ನ ಅನುಭವದಿಂದಲೇ ಹೇಳಿದ. ಉರಿ ತಗಲುವ ಯಾವ ಭಾಗಕ್ಕೂ ಲೇಪವಿರುವ ತಗಡು ಬೇಡ, ಬಣ್ಣ ಬಳಿದ ಕಬ್ಬಿಣವಾದರೆ ಬಣ್ಣವನ್ನು ಮೊದಲು ಪೂರ್ತಿ ಕೆರೆದು ತೆಗೆಯಬೇಕು. ಗೇಟಿನ ಕಂಬದ ನೀಲಿ ಬಣ್ಣವನ್ನು ಗ್ರೈಂಡರಿನಿಂದ ತೆಗೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು.

ಅವನ ಕೆಲಸ ಅಚ್ಚುಕಟ್ಟು. 30 ಸೆಂಟಿಮೀಟರ್ ತುಂಡನ್ನು ನಿಲ್ಲಿಸಿ, ತಳಕ್ಕೆ ತಗಡು ಮುಚ್ಚಿ, ಕೆಳಗಿನ ಒಂದು ಮುಖವನ್ನು ಚೌಕವಾಗಿ ಕತ್ತರಿಸಿ, ಅಲ್ಲಿಗೆ 20 ಸೆಂಟಿಮೀಟರಿನ ಅಡ್ಡ ತುಂಡನ್ನು ಬೆಸೆದ. ಅಡ್ಡ ಬಾಯಿಯೊಳಗೆ ತಳದಿಂದ 3 ಸೆಂಟಿಮೀಟರ್ ಎತ್ತರದಲ್ಲಿ ಒಂದು ತಗಡಿನ ಹಲಗೆ ಇದೆ. ಕಟ್ಟಿಗೆ ಹಲಗೆಯ ಮೇಲೆ, ಗಾಳಿ ಹಲಗೆಯ ಕೆಳಗೆ. ಆ ಕೆಳಗಿನ ಸಂದನ್ನು ಕಟ್ಟಿಗೆಯಿಂದ ಎಂದೂ ಮುಚ್ಚಬಾರದು, ಏಕೆಂದರೆ ಅಲ್ಲಿಂದ ನುಗ್ಗುವ ಗಾಳಿಯೇ ಕೆಂಡದ ಅಡಿಗೆ ತಗುಲಿ ಉರಿಯನ್ನು ಕೆರಳಿಸುವುದು.

ಡಬ್ಬಿಗೂ ಕೊಳವೆಗೂ ನಡುವೆ ಸುತ್ತಲೂ ಆರೂವರೆ ಸೆಂಟಿಮೀಟರಿನಷ್ಟು ಜಾಗ ಉಳಿಯಿತು. ನಾನು ತಪ್ಪಿದ್ದು ಇಲ್ಲಿ. ನಮ್ಮ ಒಲೆಗಳೆಲ್ಲ ಮಣ್ಣಿನವು, ಮಣ್ಣು ಬಿಸಿಯನ್ನು ಹಿಡಿದಿಡುತ್ತದೆ ಎಂಬ ನಂಬಿಕೆಯಲ್ಲಿ ಮಂಗಳವಾರ ಆ ಜಾಗಕ್ಕೆ ಜೇಡಿ ಮತ್ತು ಮರಳು ಕಲಸಿ ಗಟ್ಟಿಯಾಗಿ ತುಂಬಿದೆ. ಇಪ್ಪತ್ತು ಕಿಲೋಗೂ ಹೆಚ್ಚು ಹಿಡಿಯಿತು. ಎರಡು ದಿನ ಬಿಸಿಲಿಗೆ ಒಣಗಿಸಿ ಗುರುವಾರ ಬೆಳಿಗ್ಗೆ ಹೊತ್ತಿಸಿದರೆ, ಕೊಳವೆಯ ಬಾಯಿಂದ ಹೊಗೆ ನನ್ನ ಮುಖಕ್ಕೇ ಬಂತು. ಕಾಲು ಗಂಟೆಯ ಬಳಿಕ ಎಳೆತ ಶುರುವಾಯಿತಾದರೂ ಉರಿ ಕೆಂಪಗೆ, ಸೋಮಾರಿಯಾಗಿಯೇ ಉಳಿಯಿತು. ನೀರು ಕುದಿಯಲು ಅರ್ಧ ಗಂಟೆಯೂ 600 ಗ್ರಾಂ ಕಟ್ಟಿಗೆಯೂ ಬೇಕಾದವು. ಮೂರು ಕಲ್ಲಿಗಿಂತ ಕಡಿಮೆ ಖರ್ಚು ನಿಜ, ಆದರೆ ಅದಕ್ಕಿಂತ ನಿಧಾನ. ಅಮ್ಮ ಪಕ್ಕದಲ್ಲಿ ನಿಂತು ನೋಡಿ, ದನಗಳು ಕಾಯುತ್ತಿವೆ ಎಂದು ತನ್ನ ಹಳೆಯ ಒಲೆಗೇ ಹೋದಳು. ನನಗೆ ಆ ದಿನ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಉತ್ತರ ಸಿಕ್ಕಿದ್ದು ಅದೇ ರಾತ್ರಿ ಬಚ್ಚಲ ಒಲೆಯ ಮುಂದೆ. ಮಲಗುವ ಮೊದಲು ಅಮ್ಮ ಎಂದಿನಂತೆ ಉಳಿದ ಎರಡು ಕೆಂಡಗಳನ್ನು ಒಟ್ಟಿಗೆ ಸರಿಸಿ ಬೂದಿ ಎಳೆದು ಮುಚ್ಚಿದಳು. ಬೆಳಿಗ್ಗೆ ಆ ಬೂದಿಯನ್ನು ಕೆದಕಿ, ಒಣ ಅಡಕೆ ಸಿಪ್ಪೆ ಇಟ್ಟು ಊದಿದರೆ ಬೆಂಕಿ ಹತ್ತುತ್ತದೆ, ಕಡ್ಡಿ ಗೀರುವುದಿಲ್ಲ. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೆ, ಆದರೆ ಆ ಕೆಂಡ ರಾತ್ರಿಯಿಡೀ ಏಕೆ ಆರುವುದಿಲ್ಲ ಎಂದು ಎಂದೂ ಕೇಳಿಕೊಂಡಿರಲಿಲ್ಲ. ಗಾಳಿ ಮಿತವಾಗಿ ಸಿಗುವುದು ಒಂದು ಕಾರಣ. ಬೂದಿಯ ಕಣಗಳ ನಡುವೆ ತುಂಬಿಕೊಂಡಿರುವ ಗಾಳಿ ಶಾಖವನ್ನು ಹೊರಗೆ ಹೋಗಗೊಡದಿರುವುದು ಇನ್ನೊಂದು. ಜೇಡಿಮಣ್ಣು ಹಾಗಲ್ಲ, ಅದು ಭಾರವಾದ, ಒತ್ತೊತ್ತಾದ ವಸ್ತು. ಶಾಖವನ್ನು ತಡೆಯುವುದಿಲ್ಲ, ಕುಡಿಯುತ್ತದೆ. ನಾನು ಉರಿಸಿದ ಕಟ್ಟಿಗೆಯ ದೊಡ್ಡ ಪಾಲು ಇಪ್ಪತ್ತು ಕಿಲೋ ಮಣ್ಣನ್ನು ಕಾಯಿಸುವುದಕ್ಕೆ ಹೋಗಿತ್ತು. ಅದರೊಳಗೆ ಉಳಿದ ತೇವವೂ ತನ್ನ ಪಾಲು ತೆಗೆದುಕೊಂಡಿರಬೇಕು. ಹೀಗಾಗಿ ಕೊಳವೆಯ ಗೋಡೆ ಕಾಯಲಿಲ್ಲ, ಗೋಡೆ ಕಾಯದೆ ಅನಿಲ ಉರಿಯಲಿಲ್ಲ. ಇಡೀ ದಿನ ಉರಿಯುವ ದೊಡ್ಡ ಒಲೆಗೆ ಮಣ್ಣಿನ ಭಾರ ಅಷ್ಟು ಕೆಡುಕಲ್ಲ, ಒಮ್ಮೆ ಕಾದರೆ ಕಾದಿರುತ್ತದೆ. ಇಪ್ಪತ್ತು ನಿಮಿಷ ಉರಿದು ಆರುವ ಒಲೆಗೆ ಅದು ಬರೀ ನಷ್ಟ.

ಶುಕ್ರವಾರ ಬೆಳಕು ಹರಿಯುತ್ತಲೇ ಮಣ್ಣನ್ನೆಲ್ಲ ಉಳಿಯಿಂದ ಒಡೆದು ತೆಗೆದೆ. ಬಚ್ಚಲ ಒಲೆಯ ಬೂದಿಯನ್ನು ಜರಡಿ ಹಿಡಿದು, ಇದ್ದಿಲ ಚೂರುಗಳನ್ನು ಬೇರ್ಪಡಿಸಿ, ಒತ್ತದೆ, ಡಬ್ಬಿಯನ್ನು ಮೆಲ್ಲಗೆ ತಟ್ಟುತ್ತ ತುಂಬಿದೆ. ಕೊಳವೆಯ ಅಡಿಗೂ ಐದು ಸೆಂಟಿಮೀಟರಿನಷ್ಟು ಬೂದಿ ಹಾಕಿದೆ. ಎಲ್ಲ ಸೇರಿ ಐದು ಕಿಲೋ ಆಯಿತು. ಮೇಲೆ ಕೊಳವೆಯ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಡಬ್ಬಿಯ ಮುಚ್ಚಳ. ಭತ್ತದ ಉಮಿಯ ಬೂದಿ ಸಿಕ್ಕಿದ್ದರೆ ಇನ್ನೂ ಹಗುರವಾಗುತ್ತಿತ್ತು, ಆದರೆ ಮನೆಯಲ್ಲಿ ಇರುವುದನ್ನು ಬಿಟ್ಟು ಹುಡುಕುವ ತಾಳ್ಮೆ ನನಗಿರಲಿಲ್ಲ.

ಎರಡು ತೆಂಗಿನ ಸೋಗೆಯ ಎಸಳುಗಳಿಂದ ಹೊತ್ತಿಸಿದೆ. ಮೊದಲ ಒಂದೆರಡು ನಿಮಿಷ ತೆಳು ಹೊಗೆ ಇತ್ತು. ಆಮೇಲೆ ಕೊಳವೆಯೊಳಗಿಂದ ಗುಂಯ್ ಎಂಬ ಸದ್ದು ಹೊರಟಿತು, ಉರಿ ಮೇಲ್ಮುಖವಾಗಿ ಎಳೆದು ಕಿತ್ತಳೆಯಿಂದ ಹಳದಿಗೆ ತಿರುಗಿತು, ಹೊಗೆ ಕಾಣದಾಯಿತು. ಬಾಯಿಯ ಮುಂದೆ ಹಿಡಿದ ಒಣ ಎಲೆ ಒಳಗೆ ಸೆಳೆಯಲ್ಪಟ್ಟಿತು. ಬಟ್ಟೆ ಕಟ್ಟಿಕೊಳ್ಳದ ಅಂಗೈಯನ್ನು ಡಬ್ಬಿಯ ಹೊರಮೈಗೆ ಇಟ್ಟರೆ ಬೆಚ್ಚಗಿತ್ತು, ಅಷ್ಟೇ. ಇಪ್ಪತ್ತು ನಿಮಿಷ, 410 ಗ್ರಾಂ.

ಪಾತ್ರೆಯ ಸುತ್ತ ತಗಡಿನ ಬಳೆ ಹಾಕಿದ್ದು ನಿನ್ನೆ. ಇದಕ್ಕೆ ಒಂದು ಚಿಕ್ಕ ಲೆಕ್ಕವಿದೆ, ಮಾಡುವವರಿಗೆ ಉಪಯೋಗವಾಗಲೆಂದು ಬರೆಯುತ್ತೇನೆ. ಬಿಸಿ ಅನಿಲ ಹರಿಯುವ ದಾರಿಯ ವಿಸ್ತೀರ್ಣ ಎಲ್ಲಿಯೂ ಕುಗ್ಗಬಾರದು. ಕುಗ್ಗಿದರೆ ಉಸಿರು ಕಟ್ಟಿ ಹೊಗೆ ಬಾಯಿಂದ ಹಿಂದಕ್ಕೆ ಬರುತ್ತದೆ. ಹಾಗೆಂದು ಹಿಗ್ಗಲೂ ಬಾರದು, ಹಿಗ್ಗಿದರೆ ಶಾಖ ಪಾತ್ರೆಗೆ ತಾಗದೆ ಜಾರಿಹೋಗುತ್ತದೆ. ನನ್ನ ಕೊಳವೆಯ ಒಳ ವಿಸ್ತೀರ್ಣ 9.4 ಗುಣಿಸು 9.4, ಅಂದರೆ ಸುಮಾರು 88 ಚದರ ಸೆಂಟಿಮೀಟರ್. ಕೊಳವೆಯ ತುದಿಗೂ ಪಾತ್ರೆಯ ತಳಕ್ಕೂ ನಡುವಿನ ಸಂದು ಕೊಳವೆಯ ಅಗಲದ ಕಾಲು ಭಾಗದಷ್ಟಿದ್ದರೆ ಸುತ್ತಳತೆಯ ಉದ್ದಕ್ಕೂ ಅಷ್ಟೇ ವಿಸ್ತೀರ್ಣ ಸಿಗುತ್ತದೆ; ನನಗೆ ಅದು 2.35 ಸೆಂಟಿಮೀಟರ್, ಮೂರು ಹಳೆಯ ಬೋಲ್ಟುಗಳನ್ನು ಆ ಎತ್ತರಕ್ಕೆ ಬೆಸೆಯಿಸಿದೆ. ಪಾತ್ರೆಯ ಅಡ್ಡಳತೆ 26, ಸುತ್ತಳತೆ 82ಕ್ಕೆ ಸಮೀಪ. 88ನ್ನು 82ರಿಂದ ಭಾಗಿಸಿದರೆ ಬಳೆಗೂ ಪಾತ್ರೆಗೂ ನಡುವೆ 1.1 ಸೆಂಟಿಮೀಟರ್ ಸಂದು ಬೇಕೆಂದಾಗುತ್ತದೆ. ಲೇಪವಿಲ್ಲದ ಕರಿ ತಗಡಿನಲ್ಲಿ ಹತ್ತು ಸೆಂಟಿಮೀಟರ್ ಎತ್ತರದ ಬಳೆ ಮಾಡಿದೆ. ಇಂದಿನ 310 ಗ್ರಾಂ, 17 ನಿಮಿಷ ಆ ಬಳೆಯ ಕೊಡುಗೆ. ಒಣ ಕಟ್ಟಿಗೆಯ ಕಿಲೋಗೆ 15.5 ಮೆಗಾಜೂಲ್ ಶಾಖ ಎಂದು ಹಿಡಿದು, 24 ಡಿಗ್ರಿಯ ನೀರು 98ಕ್ಕೆ ಏರಿದ್ದನ್ನು ಲೆಕ್ಕ ಹಾಕಿದರೆ, ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ನೂರಕ್ಕೆ ಹನ್ನೊಂದು ಪಾಲು ನೀರಿಗೆ ಸೇರಿತ್ತು, ಇದರಲ್ಲಿ ಮೂವತ್ತೆರಡು ಪಾಲು ಸೇರಿದೆ.

ಅಳತೆಯ ಶಿಸ್ತಿನ ಬಗ್ಗೆ ನನಗೆ ಇಷ್ಟು ಆಸ್ಥೆ ಇರುವುದಕ್ಕೆ ಮನೆಯ ಹಳೆಯ ನೆನಪೊಂದಿದೆ. ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮ ಅಡುಗೆಮನೆಗೆ ಅಸ್ತ್ರ ಒಲೆ ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ವಿಭಾಗದವರು ಹಳ್ಳಿಯ ಅಡುಗೆಮನೆಗಳಿಗಾಗಿಯೇ ರೂಪಿಸಿದ, ಮೂರು ಪಾತ್ರೆ ಸಾಲಾಗಿ ಕೂರುವ, ಚಿಮಣಿ ಇರುವ ಒಲೆ ಅದು. ಹೊಗೆಯಿಲ್ಲದ ಅಡುಗೆಮನೆಯನ್ನು ನಾನು ಮೊದಲು ಕಂಡದ್ದು ಆಗ. ಕೆಲವು ವರ್ಷಗಳ ಬಳಿಕ ದಪ್ಪ ಕುಂಟೆಗಳು ಹಿಡಿಯಲಿ ಎಂದು ನಾವೇ ಅದರ ಬಾಯಿಯನ್ನು ಅಗಲ ಮಾಡಿದೆವು, ಒಲೆ ಮತ್ತೆ ಹೊಗೆಯಾಡತೊಡಗಿತು. ಒಲೆಯ ಬಾಯಿಯೂ ಒಂದು ಲೆಕ್ಕದಿಂದ ಬಂದದ್ದು ಎಂದು ಆಗ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಈ ಸಲ ಅಮ್ಮನಿಗೆ ಮೊದಲೇ ತಿಳಿಸಿದ್ದೇನೆ: ಹೆಬ್ಬೆರಳ ದಪ್ಪದ ಸೀಳುಗಳು ಮೂರೋ ನಾಲ್ಕೋ ಸಾಕು, ತುದಿ ಉರಿದಂತೆ ಮುಂದಕ್ಕೆ ತಳ್ಳುತ್ತ ಹೋಗಬೇಕು, ಬಾಯಿ ತುಂಬ ತುರುಕಬಾರದು. ಸೀಳುವ ಕೆಲಸ ಹೆಚ್ಚಾಯಿತೆಂಬ ಅವಳ ಆಕ್ಷೇಪಣೆ ಸರಿಯಾದದ್ದೇ. ಅದನ್ನು ನಾನು ವಹಿಸಿಕೊಂಡಿದ್ದೇನೆ.

ಇದಕ್ಕೆ ಚಿಮಣಿ ಇಲ್ಲ. ಕಣ್ಣಿಗೆ ಹೊಗೆ ಕಾಣದಿದ್ದರೂ ಇಂಗಾಲದ ಮೊನಾಕ್ಸೈಡ್ ಇದ್ದೇ ಇರುತ್ತದೆ, ಆದ್ದರಿಂದ ಒಲೆ ಕೊಟ್ಟಿಗೆಯ ಹಿಂದಿನ ತೆರೆದ ಮಾಡಿನ ಕೆಳಗೇ ಇರುತ್ತದೆ. ಮುಚ್ಚಿದ ಕೋಣೆಯೊಳಗೆ ಇಡಲು ಯಾರು ಕೇಳಿದರೂ ನಾನು ಬೇಡವೆನ್ನುತ್ತೇನೆ. ಕೊಳವೆಯ ಬಾಳಿಕೆಯೂ ನನ್ನನ್ನು ಕಾಡುತ್ತಿದೆ. ಬೂದಿ ಶಾಖವನ್ನು ಹೊರಬಿಡದ ಕಾರಣ ಕಬ್ಬಿಣ ಕೆಂಪಗೆ ಕಾಯುತ್ತದೆ, ಕಾದ ಕಬ್ಬಿಣ ಪದರ ಪದರವಾಗಿ ಸವೆಯುತ್ತದೆ. ಉರಿ ಚೆನ್ನಾಗಿರುವಷ್ಟೂ ಲೋಹಕ್ಕೆ ಕಷ್ಟ. ಇಂದೇ ಒಳಗೋಡೆಯಲ್ಲಿ ಉಗುರಿಗೆ ಸಿಗುವಂಥ ಕರಿ ಹೊಪ್ಪಳೆ ಎದ್ದಿತ್ತು. ಸ್ಟೇನ್‌ಲೆಸ್ ಉಕ್ಕು ಹೆಚ್ಚು ಕಾಲ ತಡೆಯುತ್ತದೆ, ಆದರೆ ಆ ದಪ್ಪದ್ದು ಗುಜರಿಯಲ್ಲಿ ಸಿಗಲಿಲ್ಲ. ಹಾಗಾಗಿ ಕೊಳವೆಯನ್ನು ಡಬ್ಬಿಗೆ ಬೆಸೆದಿಲ್ಲ, ಸವೆದಾಗ ಎಳೆದು ತೆಗೆದು ಬೇರೆಯದನ್ನು ಇಡಬಹುದು. ಕಂಬದ ಉಳಿದ ತುಂಡನ್ನು ಅಂಗಡಿಯವನ ಬಳಿ ತೆಗೆದಿರಿಸಲು ಹೇಳಿ ಬಂದಿದ್ದೇನೆ.

ಬಚ್ಚಲ ಹಂಡೆಗೆ ಇದು ಸಾಲದು. ಅರವತ್ತು ಲೀಟರ್ ನೀರನ್ನು ಸ್ನಾನದ ಬಿಸಿಗೆ ತರಲು ಈ ಕೊಳವೆಗೆ ಒಂದು ಗಂಟೆ ಮೀರುತ್ತದೆ. 15 ಸೆಂಟಿಮೀಟರ್ ಅಗಲದ ಕೊಳವೆಯಾದರೆ ವಿಸ್ತೀರ್ಣ ಎರಡೂವರೆ ಪಟ್ಟಾಗುತ್ತದೆ, ಅದನ್ನು ಅಡಕೆ ಸುಗ್ಗಿ ಮುಗಿದ ಮೇಲೆ ನೋಡಬೇಕು.

ಸಂಜೆಯ ಅಕ್ಕಚ್ಚನ್ನು ಅಮ್ಮ ತಾನಾಗಿಯೇ ಹೊಸ ಒಲೆಯ ಮೇಲೆ ಇಟ್ಟಳು. ಪಾತ್ರೆ ಇಡುವ ಮೊದಲು, ಮಸಿ ಸುಲಭವಾಗಿ ಬಿಡಲೆಂದು ಎಂದಿನಂತೆ ತಳಕ್ಕೆ ಕಲಸಿದ ಮಣ್ಣು ಬಳಿಯಲು ಹೊರಟವಳು ಬೆಳಗಿನ ಪಾತ್ರೆಯನ್ನು ಮಗುಚಿ, ಬೆರಳಿಂದ ಉಜ್ಜಿ ನೋಡಿದಳು. ತೆಳ್ಳಗೆ ಕಂದು ಪುಡಿಯಷ್ಟೇ ಅಂಟಿತು. ಕಲಸಿದ ಮಣ್ಣನ್ನು ತುಳಸಿಕಟ್ಟೆಯ ಬುಡಕ್ಕೆ ಚೆಲ್ಲಿ ಬಂದು, ಊದುಗೊಳವೆಯನ್ನು ಮಾಡಿನ ಸಂದಿಗೆ ಸಿಕ್ಕಿಸಿಟ್ಟು, ಒಲೆಯ ಮುಂದೆ ಕುಳಿತು ಸೀಳುಗಳನ್ನು ಒಂದೊಂದಾಗಿ ತಳ್ಳುತ್ತ ಹೋದಳು.