ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಂಡೆ, ಮೊದಲು ಏನು ಮಾಡಿಫೈ ಮಾಡಿಸಲಿ?

ತಿಂಗಳಿಗೆ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಕೆಲವರಂತೂ ಕಾರು ಮನೆಗೆ ಬರುವ ಮೊದಲೇ ಪಟ್ಟಿ ಮಾಡಿಟ್ಟಿರುತ್ತಾರೆ. ಸೈಲೆನ್ಸರ್, ಎಂಜಿನ್ನಿಗೆ ಗಾಳಿ ಎಳೆಯುವ ಇನ್‌ಟೇಕ್, ಅಗಲದ ಚಕ್ರ, ಕಾರನ್ನು ತಗ್ಗಿಸುವ ಸ್ಪ್ರಿಂಗ್, ದುಡ್ಡು ಉಳಿದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಪವರ್ ಏರಿಸುವ ಟರ್ಬೊ. ಯಾವುದರಿಂದ ಶುರು ಮಾಡಲಿ ಅನ್ನುವುದಷ್ಟೇ ಅವರ ಗೊಂದಲ.

ನನ್ನ ಉತ್ತರ ಕೇಳಿದರೆ ಮುಖ ಸಪ್ಪಗಾಗುತ್ತದೆ. ಆ ಕಾರು ಫ್ಯಾಕ್ಟರಿಯಿಂದ ಹೊರಬಂದ ದಿನ ಹೇಗಿತ್ತೋ, ಮೊದಲು ಹಾಗೆ ಮಾಡಿಸಿ. ಹತ್ತು ಹದಿನೈದು ವರ್ಷ ಓಡಿದ ಕಾರು ಹಾಗಿರುವುದಿಲ್ಲ. ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಷ್ ಸವೆದಿರುತ್ತದೆ, ಶಾಕ್ ಅಬ್ಸಾರ್ಬರ್ ಸೋತಿರುತ್ತದೆ, ಬ್ರೇಕ್ ಆಯಿಲ್ ಕಪ್ಪಾಗಿರುತ್ತದೆ. ಅದರ ಮೇಲೆ ಹೊಸ ಪಾರ್ಟು ಕೂರಿಸಿದರೆ ಕಾರು ಸುಧಾರಿಸಿದ್ದು ಹೊಸ ಪಾರ್ಟಿನಿಂದಲೋ, ಕೆಟ್ಟಿದ್ದು ಹಳೆಯದರಿಂದಲೋ ಗೊತ್ತೇ ಆಗುವುದಿಲ್ಲ.

ಇದು ನಾನು ಪೆಟ್ಟು ತಿಂದು ಕಲಿತಿದ್ದು. ನನ್ನ ಮೊದಲ ಕಾರು ಎರಡೇ ಸೀಟಿನದು, ಹಿಂದಿನ ಚಕ್ರಕ್ಕೆ ಪವರ್ ಹೋಗುವಂಥದ್ದು. ಹಳೆಯ ಮಾಲೀಕರು ಗಿಡ್ಡ ಸ್ಪ್ರಿಂಗ್ ಹಾಕಿಸಿ ತಗ್ಗಿಸಿದ್ದರು. ನೋಡೋಕೆ ಚಂದ. ಓಡಿಸಿದರೆ ಕಲ್ಲಿನ ಹಾಗೆ ಗಟ್ಟಿ. ಸ್ಪೋರ್ಟ್ಸ್ ಕಾರು ಅಂದ್ರೆ ಹೀಗೇ ಇರಬೇಕು ಅಂತ ನಾನು ಹೆಮ್ಮೆಪಟ್ಟಿದ್ದೆ! ಆದರೆ ತಿರುವಿನ ಮಧ್ಯೆ ಸಣ್ಣ ಉಬ್ಬು ಸಿಕ್ಕರೂ ಹಿಂಭಾಗ ಪಕ್ಕಕ್ಕೆ ಹಾರುತ್ತಿತ್ತು. ಕಡೆಗೆ ಲಿಫ್ಟಿಗೆ ಹತ್ತಿಸಿ ನೋಡಿದಾಗ ವಿಷಯ ತಿಳಿಯಿತು. ಕಾರು ತಗ್ಗಿದ್ದರಿಂದ ಶಾಕ್ ಅಬ್ಸಾರ್ಬರ್ ಮೇಲೆ ಕೆಳಗೆ ಆಡಲು ಜಾಗವೇ ಉಳಿದಿರಲಿಲ್ಲ. ಅದು ಕೊನೆ ಮುಟ್ಟದಂತೆ ತಡೆಯುವ ರಬ್ಬರ್ ತುಂಡು ಇರುತ್ತದಲ್ಲ, ಬಂಪ್ ಸ್ಟಾಪ್, ನನ್ನ ಕಾರು ಅದರ ಮೇಲೇ ಕೂತು ಓಡಾಡುತ್ತಿತ್ತು. ಕಂಪನಿಯ ಸ್ಪ್ರಿಂಗು, ಹೊಸ ಶಾಕ್ ಹಾಕಿಸಿದ ಮೇಲೆ ಕಾರು ಮೆತ್ತಗಾಯಿತು. ಅದೇ ತಿರುವಿನಲ್ಲಿ ಮೊದಲಿಗಿಂತ ಜೋರಾಗಿಯೂ ಹೋಯಿತು.

ಹಾಗಾಗಿ ಕೊಳ್ಳುವಾಗಲೇ ಆದಷ್ಟು ಯಾರೂ ಕೈಹಾಕದ ಕಾರು ಹುಡುಕಿ. ಮಾಡಿಫೈ ಮಾಡಿದ ಕಾರು ಅಗ್ಗಕ್ಕೆ ಸಿಗುತ್ತದೆ, ನಿಜ. ಬೇರೆಯವರ ಅರ್ಧಂಬರ್ಧ ಕೆಲಸವೂ ಅದರ ಜೊತೆಗೇ ಮನೆಗೆ ಬರುತ್ತದೆ. ಮಾರುವ ಮುನ್ನ ಎಲ್ಲ ಬಿಚ್ಚಿ ಸ್ಟಾಕ್, ಅಂದ್ರೆ ಕಂಪನಿಯಿಂದ ಬಂದ ಹಾಗೆ, ಮಾಡಿದ್ದಾರೋ ಅಂತಲೂ ನೋಡಿ. ಡ್ಯಾಶ್‌ಬೋರ್ಡ್ ಪಕ್ಕ ಮೀಟರ್ ಕೂರಿಸಿದ್ದ ಸ್ಕ್ರೂ ತೂತು, ಟೇಪ್ ಸುತ್ತಿದ ವೈರು, ಬಾನೆಟ್ ಒಳಗೆ ಯಾವುದಕ್ಕೂ ಸೇರದ ಬ್ರಾಕೆಟ್, ಇವೆಲ್ಲ ಕಥೆ ಹೇಳುತ್ತವೆ.

ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ಯಾಕೆ ಅಂತ ಕೇಳಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ ಕೆಲವು ರೋಗ ಕಾಣುತ್ತವೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಎಂಜಿನ್ನಿನ ತಲೆಭಾಗಕ್ಕೂ ಬ್ಲಾಕಿಗೂ ನಡುವೆ ಇರುವ ಸೀಲ್, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಓಡಿಸುವಾಗ ದೊಡ್ಡ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆ ಪೂರ್ತಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ ಅಂದರೆ ಗೇರ್‌ಬಾಕ್ಸ್ ಬಿಚ್ಚುವ ದಿನ ದೂರವಿಲ್ಲ.

ಟೈರನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಅದರ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ ಅದು ತಯಾರಾಗಿದ್ದು 2019ರ 23ನೇ ವಾರ. ನಾಲ್ಕು ಚಕ್ರಕ್ಕೆ ನಾಲ್ಕು ಕಂಪನಿಯ ಅಗ್ಗದ ಟೈರು ಹಾಕಿದ್ದರೆ, ಆ ಮಾಲೀಕರು ಕಣ್ಣಿಗೆ ಕಾಣದ ಜಾಗದಲ್ಲಿ ಎಷ್ಟು ಖರ್ಚು ಮಾಡಿರಬಹುದು ಯೋಚಿಸಿ.

ಇನ್ನು ಪ್ರತಿ ಮಾಡೆಲ್‌ಗೂ ಅದರದೇ ಕಾಯಿಲೆ. ಮಜ್ದಾ ಆರ್‌ಎಕ್ಸ್-8ರದು ರೋಟರಿ ಎಂಜಿನ್, ಪಿಸ್ಟನ್ ಬದಲು ತಿರುಗುವ ರೋಟರ್ ಇರುವಂಥದ್ದು. ಅದಕ್ಕೆಂದೇ ಇರುವ ಮೀಟರಿನಲ್ಲಿ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸದೆ ಕೊಳ್ಳಬಾರದು. ಮೊದಲ ತಲೆಮಾರಿನ ಪೋರ್ಷ ಬಾಕ್ಸ್‌ಸ್ಟರ್‌ನಲ್ಲಿ ಎಂಜಿನ್ ಒಳಗೆ ಐಎಂಎಸ್ ಅನ್ನುವ ಒಂದು ಬೇರಿಂಗ್ ಇದೆ. ಅದು ಹೋದರೆ ಎಂಜಿನ್ನೂ ಹೋಗಬಹುದು. ಮಜ್ದಾ ಎಂಎಕ್ಸ್-5 ಎರಡು ಸೀಟಿನ, ಮಡಚುವ ಬಟ್ಟೆಯ ಚಾವಣಿಯ ಕಾರು. ಅದರಲ್ಲಿ ಆ ಚಾವಣಿಯಿಂದ ಹರಿಯುವ ಮಳೆನೀರಿನ ದಾರಿ ಕಟ್ಟಿಕೊಂಡು, ಬಾಗಿಲ ಕೆಳಗಿನ ಸಿಲ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಪೇಂಟ್ ಪಳಪಳ ಅಂತಿದ್ದರೂ ಅಲ್ಲಿ ಬೆರಳಿಂದ ಒತ್ತಿ ನೋಡಿ.

ಹಾಗಾದರೆ ಯಾವ ಕಾರು? ಎಂಎಕ್ಸ್-5 ಅಂತಲೇ ನಾನು ಹೇಳುವುದು. ತುಕ್ಕಿನ ಮಾತು ಹೇಳಿದ ಮೇಲೂ. 1989ರಲ್ಲಿ ಬಂದ ಮೊದಲನೆಯದಕ್ಕೆ ಇದ್ದಿದ್ದು 1.6 ಲೀಟರ್ ಎಂಜಿನ್, ಸುಮಾರು 115 ಅಶ್ವಶಕ್ತಿ. ತೂಕ ಒಂದು ಟನ್ನಿಗಿಂತ ಕಡಿಮೆ. 2016ರ ಹೊತ್ತಿಗೆ ಎಲ್ಲ ತಲೆಮಾರು ಸೇರಿ ಹತ್ತು ಲಕ್ಷ ಕಾರು ತಯಾರಾಗಿದ್ದವು. ಹಾಗಾಗಿ ಪಾರ್ಟು ಸಿಗುತ್ತದೆ, ರಿಪೇರಿ ಗೊತ್ತಿದ್ದವರೂ ಸಿಗುತ್ತಾರೆ. ಪವರ್ ಸಾಲದು ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಇರುವ ಪವರನ್ನು ಪೂರ್ತಿ ಬಳಸಿದ್ದೀರಾ?

ಕಾರಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಐದನೇ ಒಂದು ಭಾಗ ಮುಟ್ಟಬೇಡಿ. ಅದು ಮೊದಲ ಮೂರು ತಿಂಗಳಿಗೆ. ಹಳೆಯ ಮಾಲೀಕರು ಏನೇ ಹೇಳಲಿ, ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಎರಡು ಚಕ್ರಕ್ಕೆ ಪವರ್ ಹಂಚುವ ಡಿಫರೆನ್ಷಿಯಲ್‌ನ ಆಯಿಲ್, ಕೂಲೆಂಟ್ ಎಲ್ಲ ಬದಲಿಸಿ. ಎಂಜಿನ್ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಬಿಲ್ ಇಲ್ಲದಿದ್ದರೆ, ಹಾಕಿಸಿಲ್ಲ ಅಂತಲೇ ಲೆಕ್ಕ.

ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿ ಮಾತ್ರ. ಘಾಟಿ ಇಳಿಯುವಾಗ ಅದು ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಎದ್ದು ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಕಾರು ಮಾತ್ರ ನಿಲ್ಲುವುದಿಲ್ಲ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ದೊಡ್ಡದು ಬೇಕು ಅನ್ನುವ ಹುಡುಗರಿಗೆ ನಾನು ಮೊದಲು ಹೊಸ ಆಯಿಲ್, ಒಳ್ಳೆಯ ಪ್ಯಾಡ್ ಹಾಕಿಸಿ ಅನ್ನುತ್ತೇನೆ. ಹತ್ತರಲ್ಲಿ ಒಂಬತ್ತು ಜನ ಆಮೇಲೆ ಕ್ಯಾಲಿಪರ್ ಮಾತೇ ಎತ್ತುವುದಿಲ್ಲ.

ಇದಾದ ಮೇಲೆ ಟೈರು, ಚಕ್ರಗಳ ಕೋನ ಸರಿಮಾಡುವ ಅಲೈನ್‌ಮೆಂಟ್. ಮಾಡಿಫಿಕೇಷನ್ ಅಂತ ಕರೆಯಬಹುದಾದ ಮೊದಲ ಕೆಲಸ ನನ್ನ ಪ್ರಕಾರ ಇದೇ. ಆದರೆ ಸಿಕ್ಕಷ್ಟು ಅಗಲದ್ದು ಹಾಕಬೇಡಿ. 2012ರಲ್ಲಿ ಬಂದ ಟೊಯೋಟ 86 ಅನ್ನುವ ಸ್ಪೋರ್ಟ್ಸ್ ಕಾರಿಗೆ ಕಂಪನಿಯೇ ಹಾಕಿದ್ದು ಮಿಶೆಲಿನ್ ಪ್ರೈಮಸಿ, ಪೆಟ್ರೋಲ್ ಉಳಿಸಲೆಂದೇ ಮಾಡಿದ ಪ್ರಿಯಸ್‌ನಂಥ ಕಾರಿಗೂ ಬರುತ್ತಿದ್ದ ಟೈರು. ಜಿಪುಣತನಕ್ಕೆ ಮಾಡಿದ್ದಲ್ಲ. ಹಿಡಿತ ಕಡಿಮೆಯಿದ್ದರೆ ಕಡಿಮೆ ವೇಗದಲ್ಲೇ ಕಾರು ಜಾರಲು ಶುರುಮಾಡುತ್ತದೆ, ಜಾರುವ ಮೊದಲು ನಿಮಗೆ ಸುಳಿವು ಕೊಡುತ್ತದೆ. ಕಲಿಯುವವರಿಗೆ ಅದು ವರ. ಅಂಟಿನಂಥ ಟೈರು ಕೊನೆಯವರೆಗೂ ಹಿಡಿದುಕೊಂಡು, ಬಿಡುವಾಗ ಒಮ್ಮೆಲೇ ಬಿಡುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ವೇಗವೂ ಜಾಸ್ತಿಯಾಗಿರುತ್ತದೆ.

ಕಂಪನಿಯದನ್ನು ಬಿಟ್ಟು ಬೇರೆ ಥರದ ಶಾಕ್, ಬುಷ್ ಹಾಕಿಸುವುದು ಅದರ ನಂತರ. ಇನ್‌ಟೇಕ್ ಸುಮ್ನೆ ಸದ್ದಿಗೆ. ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುವ ಹಾಗೆ ಕೂರಿಸಿದರೆ ಪವರ್ ಇಳಿಯುವುದೂ ಉಂಟು. ಸೈಲೆನ್ಸರ್ ನಿಮ್ಮಿಷ್ಟ. ಅಕ್ಕಪಕ್ಕದವರನ್ನೂ ಕಾನೂನನ್ನೂ ನೋಡಿಕೊಳ್ಳಿ, ಏನೇ ಬದಲಿಸಿದರೂ ಇನ್ಶೂರೆನ್ಸ್‌ನವರಿಗೆ ಮೊದಲೇ ಹೇಳಿ. ಟರ್ಬೊ ಮಾತು ಎರಡನೇ ವರ್ಷಕ್ಕಿರಲಿ. ಅದನ್ನು ಹಾಕಿದರೆ ಕ್ಲಚ್ಚು, ರೇಡಿಯೇಟರು, ಇಂಧನದ ಟ್ಯೂನಿಂಗು ಎಲ್ಲವೂ ಹಿಂದೆಯೇ ಸಾಲು ನಿಲ್ಲುತ್ತವೆ.

ಒಂದು ಸಲಕ್ಕೆ ಒಂದೇ ಪಾರ್ಟು ಬದಲಿಸಿ, ಒಂದು ತಿಂಗಳು ಓಡಿಸಿ. ಬಿಚ್ಚಿದ ಪಾರ್ಟನ್ನು ಗುಜರಿಗೆ ಹಾಕಬೇಡಿ. ನನ್ನ ಕಾರಿನ ಹಳೆಯ ಮಾಲೀಕರು ಹಾಕಿಬಿಟ್ಟಿದ್ದರು. ಆ ನಾಲ್ಕು ಸ್ಪ್ರಿಂಗ್ ಹುಡುಕಲು ನನಗೆ ಮೂರು ತಿಂಗಳು ಹಿಡಿಯಿತು. ಈಗ ನಾನು ಬಿಚ್ಚಿದ್ದೆಲ್ಲ ಹೆಸರು ಬರೆದ ಡಬ್ಬಗಳಲ್ಲಿ ಮಂಚದ ಕೆಳಗಿದೆ. ಮನೆಯವರು ದಿನಾ ಬೈಯುತ್ತಾರೆ.